ಡುಕ್ಕರಿನ ಎಂಜಿನ್

ಹದಿನೈದು ದಿನದ ಹಿಂದೆ ಅಂಚೆಯಲ್ಲಿ ಒಂದು ಅರ್ಜಿ ಬಂತು. ಈ ಕಾಲದಲ್ಲೂ ಅಂಚೆಯಲ್ಲಿ ಅರ್ಜಿ ಕಳಿಸುವವರು ನಮ್ಮ ಹಳೇ ಕಾರುಗಳ ಸಂಘದವರು ಮಾತ್ರ. ಹಳೆಯದರ ಮೇಲೆ ಅವರಿಗಿರುವ ಪ್ರೀತಿ ಅಂಚೆಚೀಟಿಯವರೆಗೂ ಹಬ್ಬಿದೆ. ಚಳಿಗಾಲದಲ್ಲಿ ಪುಣೆ ಕ್ಯಾಂಪಿನ ಮೈದಾನದಿಂದ ಹೊರಡುವ ಹಳೇ ಗಾಡಿಗಳ ಮೆರವಣಿಗೆಗೆ ಹೆಸರು ಕೊಡುವ ಅರ್ಜಿ. ಗಾಡಿಯ ವಯಸ್ಸು, ಬಣ್ಣ, ಗಾಜು, ದೀಪ ಎಲ್ಲ ಕೇಳಿದ ಮೇಲೆ ಏಳನೆಯ ಸಾಲಿನಲ್ಲಿ ಒಂದು ಪ್ರಶ್ನೆ: ಎಂಜಿನ್ ಮೂಲದ್ದೇ? ಪಕ್ಕದಲ್ಲಿ ಎರಡು ಚೌಕ. ಹೌದು, ಅಲ್ಲ.

ಹನ್ನೊಂದು ವರ್ಷ ನಾನು ಆ ಸಾಲಿಗೆ ಬಂದಾಗ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗಿ ಕೂತು 'ಹೌದು' ಎಂಬ ಚೌಕದಲ್ಲಿ ಗುರುತು ಹಾಕಿದವನು. ಈ ಸಲ 'ಅಲ್ಲ' ಎಂಬ ಚೌಕದಲ್ಲಿ ಹಾಕಿದೆ. ನಾನು ಧೈರ್ಯಸ್ಥನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಮೋಸಹೋಗಬಾರದು. ಏಳು ಗಂಟೆಯ ರೈಲಿಗೆ ನಾಲ್ಕು ಗಂಟೆಗೆ ಮನೆ ಬಿಡುವವರ ಪೈಕಿ ನಾನು. ಬಿಟ್ಟ ಮೇಲೆ ಗ್ಯಾಸಿನ ತಿರುಪು ನೋಡಲು ಎರಡು ಸಲ ತಿರುಗಿ ಬರುತ್ತೇನೆ. ಯಾವ ಚಿಂತೆಯೂ ಇಲ್ಲದ ದಿನ, ಏನನ್ನೋ ಮರೆತಿದ್ದೇನೆ ಎಂಬ ಚಿಂತೆ ನನಗೆ ಹತ್ತಿಕೊಳ್ಳುತ್ತದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಇಂಥವನು ಒಂದು ಸಂಘವನ್ನೇ ಎದುರು ಹಾಕಿಕೊಂಡದ್ದು ಹೇಗೆ ಎಂದರೆ, ನಿಮ್ಮನ್ನು ನಮ್ಮ ಕಾಕುವಿನ ಹತ್ತಿರ ಕರೆದುಕೊಂಡು ಹೋಗಬೇಕು.

ನಮ್ಮ ಧಾರವಾಡದ ಕಡೆ ಚಿಕ್ಕಪ್ಪ ಕಾಕಾ, ಅವನ ಹೆಂಡತಿ ಕಾಕು. ಕಾಕಾ ಪುಣೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಜೀವಮಾನದಲ್ಲಿ ಅವನು ಮಾಡಿದ ಒಂದೇ ದುಂದುಗಾರಿಕೆ ಎಂದರೆ, ಕ್ಯಾಂಪಿನ ಪಾರ್ಸಿ ಮುದುಕನೊಬ್ಬನಿಂದ ಒಂದು ಹಳೇ ಕಾರು ಕೊಂಡದ್ದು. ದುಂಡನೆಯ ಬೆನ್ನು, ಮುಂದಕ್ಕೆ ಚಾಚಿದ ಮೂತಿ. ಆ ಮಾದರಿಗೆ ಮುಂಬಯಿ ಪುಣೆಯ ಜನ ಇಟ್ಟ ಹೆಸರು ಡುಕ್ಕರ್. ಮರಾಠಿಯಲ್ಲಿ ಹಾಗೆಂದರೆ ಹಂದಿ. ಇಂದು ಸಂಘದವರು ಅದಕ್ಕೆ ಚೆಂಡುಹೂವಿನ ಹಾರ ಹಾಕಿ 'ಪರಂಪರೆ' ಎನ್ನುತ್ತಾರೆ. ಅಂದು ಅದು ಬೀದಿಗೆ ಬಂದರೆ ಓಣಿಯ ಮಕ್ಕಳೆಲ್ಲ ಹಿಂದಿನಿಂದ ಗುರುಗುಟ್ಟುತ್ತಿದ್ದರಂತೆ.

ಗಾಡಿ ಕೊಂಡ ಮೇಲೆ ಕಾಕಾನಿಗೆ ಗೊತ್ತಾದ ಸಂಗತಿ, ಅದನ್ನು ಹಿಂದಕ್ಕೆ ತೆಗೆಯಲು ತನಗೆ ಬರುವುದಿಲ್ಲ ಎಂದು. ಮುಂದೆ ಹೋಗುತ್ತಿದ್ದ, ಮನೆಗೆ ಮರಳಲು ಊರನ್ನೇ ಸುತ್ತುತ್ತಿದ್ದ. ಒಂದು ದಿನ ಕೊತ್ತಂಬರಿ ತರಲು ಹೋದವನು ತಿರುಗಿಸುವ ಜಾಗ ಹುಡುಕುತ್ತ ಊರಾಚೆಯ ಹಡಪಸರದ ತನಕ ಹೋಗಿಬಂದ. ಅವತ್ತು ಕಾಕು ಅವನ ಕೈಯಿಂದ ಚಾವಿ ಇಸಿದುಕೊಂಡಳು. "ನೀವು ಬಾಜೂಕ ಕೂತು ರಾಮ ರಾಮ ಅನ್ರಿ. ನಾ ಹೊಡೀತೀನಿ."

ಹೊಡೆದಳು. ರಾಸ್ತಾ ಪೇಠೆಯಲ್ಲಿ ಹಲವು ಸಂಸಾರಗಳು ಒಂದೇ ಅಂಗಳ ಹಂಚಿಕೊಂಡಿದ್ದ ಅವರ ವಾಡೆಯ ದೊಡ್ಡ ಬಾಗಿಲಿಗೂ ಗಾಡಿಗೂ ನಡುವೆ ಆಚೆ ನಾಲ್ಕು ಬೆರಳು, ಈಚೆ ನಾಲ್ಕು ಬೆರಳು. ಕಾಕು ಸೆರಗು ಸಿಕ್ಕಿಸಿ, ಕತ್ತು ಹೊರಳಿಸಿ, ಒಂದೇ ಸಲಕ್ಕೆ ಹಿಂದುಹಿಂದಾಗಿ ಒಳಗೆ ತರುತ್ತಿದ್ದಳು. ವಾಡೆಯ ಗಂಡಸರು ಅದೇ ಹೊತ್ತಿಗೆ ಸರಿಯಾಗಿ ಹಲ್ಲುಜ್ಜುವ ನೆಪದಲ್ಲಿ ಕಟ್ಟೆಗೆ ಬಂದು, ಎಲ್ಲಿ ತಾಗುತ್ತದೋ ಎಂದು ಕಾಯುತ್ತಿದ್ದರು. ಹಲ್ಲು ಬೆಳ್ಳಗಾದವು, ಗಾಡಿ ತಾಗಲಿಲ್ಲ.

ಕಾಕಾ ಬೇಗ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಕಾಕು ಜೋಳದ ರೊಟ್ಟಿ ಬಡಿಯಲು ಕೂತಳು. ಪುಣೆಯಲ್ಲಿ ಪೋಳಿ, ಅಂದರೆ ಗೋಧಿ ಚಪಾತಿ, ತಿಂದು ತಿಂದು ಬೇಸತ್ತ ನಮ್ಮ ಕಡೆಯ ಹುಡುಗರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಂದರೆ ಕಣ್ಣಲ್ಲಿ ನೀರು. ಮೂರು ಖಾನಾವಳಿಗಳಿಗೆ ದಿನಾ ರೊಟ್ಟಿ ಹೋಗಬೇಕು. ಕಾಕು ಡುಕ್ಕರಿನ ಹಿಂದಿನ ಸೀಟು ಕಿತ್ತು ಗುಜರಿಯವನಿಗೆ ಕೊಟ್ಟಳು, ಅಲ್ಲಿ ಹಲಗೆ ಬಡಿಸಿ ಬುಟ್ಟಿ ಇಟ್ಟಳು. ರೊಟ್ಟಿ ಬೆವರಬಾರದೆಂದು ಹಿಂದಿನ ಗಾಜು ತೆಗೆಸಿ ತಂತಿಯ ಜಾಳಿಗೆ ಹಾಕಿಸಿದಳು. ಫ್ಯಾನ್ ಬೆಲ್ಟ್ ಹರಿದ ದಿನ ಇಳಕಲ್ ಸೀರೆಯ ಅಂಚನ್ನು ಹರಿದು, ಹೊಸೆದು, ಬಿಗಿದು ಮನೆ ಮುಟ್ಟಿದಳು. ನಾನು ಇಂಜಿನಿಯರಿಂಗ್ ಓದಲು ಪುಣೆಗೆ ಬಂದು ಅವಳ ಅಟ್ಟದಲ್ಲಿ ಇಳಿದ ಹೊತ್ತಿಗೆ ಆ ಗಾಡಿ ಮುಕ್ಕಾಲು ಅಡುಗೆಮನೆಯಾಗಿತ್ತು. ಬಾಜೂಕ ಕೂತು ರಾಮ ರಾಮ ಅನ್ನುವ ಹುದ್ದೆ ಖಾಲಿ ಇತ್ತು, ನನಗೇ ಸಿಕ್ಕಿತು. ಆ ಹುದ್ದೆಗೆ ನನ್ನಷ್ಟು ಯೋಗ್ಯ ಇನ್ನೊಬ್ಬನಿರಲಿಲ್ಲ.

ಈಗ ಖಂಬಾಟಕಿಯ ಕಥೆ. ಪುಣೆಯಿಂದ ಧಾರವಾಡಕ್ಕೆ ಹೋಗುವವರಿಗೆ ಶಿರವಳ ದಾಟಿದ ಮೇಲೆ ಸಿಗುವ ಘಾಟು ಅದು. ಈ ಕಥೆಯನ್ನು ನಾನು ಹನ್ನೊಂದು ಮೆರವಣಿಗೆಗಳಲ್ಲಿ ಹೇಳಿದ್ದೇನೆ, ಹೇಳಿ ಹೇಳಿ ಅದಕ್ಕೆ ಹೊಳಪು ಬಂದಿತ್ತು. ಹೀಗೆ ಹೇಳುತ್ತಿದ್ದೆ:

ಒಂದು ಬೆಳಗಿನ ಐದಕ್ಕೆ ಕಾಕು, ನಾನು, ಡುಕ್ಕರ್ ಧಾರವಾಡಕ್ಕೆ ಹೊರಟೆವು. ಏಪ್ರಿಲ್ ತಿಂಗಳು. ಘಾಟಿನ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿಯ ಮೂತಿಯಿಂದ ಬಿಸಿನೀರಿನ ಹಂಡೆಯ ಹಾಗೆ ಹಬೆ. ನಿಲ್ಲಿಸಿದೆವು. ಒಂದು ಗಂಟೆ ತಣಿಸಿ, ನೀರು ಹಾಕಿ, ಎರಡು ತಿರುವು ಹತ್ತಿದೆವು, ಮತ್ತೆ ಹಬೆ. ಆಮೇಲೆ ಎಂಜಿನ್ನಿಗೆ ಪೆಟ್ರೋಲು ಎತ್ತಿಕೊಡುವ ಪಂಪಿಗೇ ಬಿಸಿ ಹತ್ತಿ ಪೆಟ್ರೋಲು ಮೇಲೇರದಾಯಿತು. ಕಾಕು ರೊಟ್ಟಿ ಸುತ್ತಿದ ಬಟ್ಟೆ ಬಿಚ್ಚಿ, ಒದ್ದೆ ಮಾಡಿ, ಪಂಪಿನ ಮೇಲೆ ಹಾಸಿದಳು, ಜ್ವರ ಬಂದ ಕೂಸಿನ ಹಣೆಗೆ ಹಾಸಿದ ಹಾಗೆ. ನಾನು ದಾರಿಬದಿಯ ಗುಡಿಸಲಿನಲ್ಲಿ ಈರುಳ್ಳಿ ಭಜಿ ತಿಂದೆ, ಒಂದಲ್ಲ, ಮೂರು ಪ್ಲೇಟು. ಗಾಳಿ ಬೀಸುತ್ತಿತ್ತು, ಕೆಳಗೆ ಬಯಲು ಕಾಣುತ್ತಿತ್ತು. ಹೋಗಿಬರುವ ಲಾರಿಯವರೆಲ್ಲ ನಿಂತು ಒಂದೊಂದು ಸಲಹೆ ಕೊಟ್ಟರು. ಹೀಗೆ ನಿಂತು, ಕೂತು, ತಿಂದು ಮೂರು ತಾಸಿಗೆ ನಾವು ಘಾಟಿನ ತುದಿ ಮುಟ್ಟಿದೆವು!

ಇಲ್ಲಿಗೆ ಜನ ನಗುತ್ತಿದ್ದರು, ಕೆಲವರು ಚಪ್ಪಾಳೆ ಹೊಡೆಯುತ್ತಿದ್ದರು. ನಾನೂ ನಗುತ್ತಿದ್ದೆ.

ರೊಟ್ಟಿ ಬಡಿಯುವುದು ಕಾಕುವಿನ ಕೈಗೆ ಆಗದಾದಾಗ, ವಾಡೆ ಕೆಡವಿ ಅಲ್ಲಿ ಫ್ಲ್ಯಾಟು ಎದ್ದಾಗ, ಕಾಕು ನಮ್ಮ ಮನೆಗೆ ಬಂದಳು. ಡುಕ್ಕರೂ ಬಂತು. ನನಗೆ ಆಗ ಸಂಘದ ಹುಚ್ಚು ಹತ್ತಿತ್ತು. ಗಾಡಿಯನ್ನು ಮೂಲದ ಹಾಗೆ ಮಾಡುತ್ತೇನೆ ಎಂದು ಹೊರಟೆ. ಹಲಗೆ ಕಿತ್ತೆ, ಜಾಳಿಗೆ ಬಿಸುಟೆ, ಕಾಕು ಛತ್ರಿ ಸಿಕ್ಕಿಸುತ್ತಿದ್ದ ಮೊಳೆಯನ್ನೂ ಬಿಡಲಿಲ್ಲ. ಮುಂಬಯಿಯ ಗುಜರಿಗಳನ್ನು ಅಲೆದು ಮೂಲದ ಸೀಟು ಹುಡುಕಿ ತಂದೆ. ಎಲ್ಲ ಮುಗಿದ ದಿನ ಕಾಕುವನ್ನು ಕೈಹಿಡಿದು ಕರೆತಂದು ತೋರಿಸಿದೆ. ಆಕೆ ಒಳಗೆ ಬಗ್ಗಿ ಸುತ್ತ ನೋಡಿದಳು. "ಚಂದ ಅದಪಾ," ಎಂದಳು. ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ರೊಟ್ಟಿ ಎಲ್ಲಿಡೂದು?" ಎಂದಳು. ನಾನು ಅದನ್ನು ತಮಾಷೆ ಎಂದುಕೊಂಡೆ. ಆ ವರ್ಷ ನಮಗೆ ಎರಡನೆಯ ಬಹುಮಾನ ಬಂತು.

ಹೋದ ವರ್ಷದ ಮೆರವಣಿಗೆಗೆ ಕಾಕು ತಾನೂ ಬರುತ್ತೇನೆಂದಳು. ಎಂಬತ್ತು ದಾಟಿದ ಹೆಂಗಸು, ಬಿಸಿಲಿಗೆ ತಲೆ ತಿರುಗಿದರೆ, ಧೂಳಿಗೆ ಕೆಮ್ಮು ಬಂದರೆ ಎಂದು ನಾನು ಒಂದು ಚೀಲ ತುಂಬ ಔಷಧಿ ತಗೊಂಡೆ. ಮೈದಾನದಲ್ಲಿ ಡುಕ್ಕರಿನ ಪಕ್ಕ ಮಡಿಸುವ ಕುರ್ಚಿ ಹಾಕಿ ಕೂರಿಸಿದೆ. ಸಂಘದ ಅಧ್ಯಕ್ಷರು ಬಂದರು. ನಿವೃತ್ತ ಸೇನಾಧಿಕಾರಿ, ಎಲ್ಲರೂ ಕರ್ನಲ್ ಸಾಹೇಬರು ಎನ್ನುತ್ತೇವೆ. ಮೀಸೆ, ಬೂಟು, ಗಾಡಿ ಮೂರೂ ಒಂದೇ ಸಮ ಹೊಳೆಯುವ ಮನುಷ್ಯ. ಹೊಸಬರನ್ನು ಕರೆತಂದು "ಆ ಘಾಟಿನ ಕಥೆ ಹೇಳಿ" ಎಂದರು. ಹೇಳಿದೆ. ಹಬೆ, ಒದ್ದೆ ಬಟ್ಟೆ, ಭಜಿ, ಲಾರಿಯವರು. ಮೂರು ತಾಸಿಗೆ ತುದಿ ಮುಟ್ಟಿದೆವು ಎಂದೆ. ಎಲ್ಲರೂ ನಕ್ಕರು.

"ಮುಂದಿಂದೂ ಹೇಳಪಾ," ಎಂದಳು ಕಾಕು.

ನಾನು ತಿರುಗಿ ನೋಡಿದೆ.

"ಘಾಟ ಹತ್ತಿದಿವಿ. ಆಮ್ಯಾಲೆ ಧಾರವಾಡ ಮುಟ್ಟಿದಿವಲಾ. ಎಷ್ಟಕ್ಕ ಮುಟ್ಟಿದಿವಿ, ಅಲ್ಲೆ ಏನಾಗಿತ್ತು, ಅದನ್ನೂ ಹೇಳು."

ನಾನು ಔಷಧಿಯ ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದೆ. ಅಂದು ನಾವು ಹೊರಟದ್ದು ಕಾಕುವಿನ ಅಪ್ಪನನ್ನು ನೋಡಲು. ಹಿಂದಿನ ಸಂಜೆ ಪಕ್ಕದ ಮನೆಗೆ ಫೋನು ಬಂದಿತ್ತು, ಇದ್ದಂತೆ ಹೊರಡು ಎಂದು. ನಾವು ಧಾರವಾಡ ಮುಟ್ಟಿದಾಗ ಸಂಜೆ ಆರೂವರೆ. ಅಂಗಳದಲ್ಲಿ ಜನ ನಿಂತಿದ್ದರು. ನಾಲ್ಕೂವರೆಗೆ ಜೀವ ಹೋಗಿತ್ತು. ಮಧ್ಯಾಹ್ನದಿಂದ ಮುದುಕ "ಪುಣೇದಾಕಿ ಬಂದ್ಲೇನು, ಪುಣೇದಾಕಿ ಬಂದ್ಲೇನು" ಎಂದು ಬಾಗಿಲ ಕಡೆ ನೋಡುತ್ತಿದ್ದನಂತೆ. ಎರಡು ತಾಸು. ಘಾಟಿನಲ್ಲಿ ನಾವು ಕಳೆದದ್ದು ಮೂರು.

ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾನೂ ಆ ಅಂಗಳದಲ್ಲೇ ನಿಂತಿದ್ದೆ. ಆದರೆ ನೆನಪಿನಲ್ಲಿ ಘಾಟನ್ನು ಒಂದು ಕಪಾಟಿನಲ್ಲೂ ಅಂಗಳವನ್ನು ಇನ್ನೊಂದರಲ್ಲೂ ಇಟ್ಟು, ಎರಡನೆಯದಕ್ಕೆ ಬೀಗ ಹಾಕಿಕೊಂಡಿದ್ದೆ. ನನ್ನ ಹರೆಯದ ಅತ್ಯಂತ ಸುಖದ ಬೆಳಗು ಆಕೆಯ ಬದುಕಿನ ಅತ್ಯಂತ ಕೆಟ್ಟ ಬೆಳಗಾಗಿತ್ತು. ಹನ್ನೊಂದು ವರ್ಷ ನಾನು ಅದನ್ನು ಧ್ವನಿವರ್ಧಕದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಊರಿನ ಇಲ್ಲದ ಚಿಂತೆಯನ್ನೆಲ್ಲ ತಲೆಗೆ ಹಚ್ಚಿಕೊಳ್ಳುವ ನಾನು, ಮಾಡಲೇಬೇಕಾಗಿದ್ದ ಈ ಒಂದು ಚಿಂತೆಯನ್ನು ಮಾತ್ರ ಮಾಡಿರಲಿಲ್ಲ.

ಕನ್ನಡ ತಿಳಿಯದ ಕರ್ನಲ್ ಸಾಹೇಬರಿಗೆ ಕಾಕುವೇ ಮರಾಠಿಯಲ್ಲಿ ಸಂಗತಿ ಹೇಳಿದಳು, ಮೂರೇ ವಾಕ್ಯದಲ್ಲಿ. ಅವರು ಟೊಪ್ಪಿಗೆ ತೆಗೆದು, ಮನಸ್ಸಿನಿಂದಲೇ ನೊಂದುಕೊಂಡರು. ಆಮೇಲೆ, "ಅದಕ್ಕೇ ಆಜಿ, ಈ ಎಂಜಿನ್ನನ್ನು ಹಾಗೇ ಕಾಪಾಡಬೇಕು. ಎಷ್ಟು ಇತಿಹಾಸ ಇದರೊಳಗೆ!" ಎಂದರು.

"ಕಾಪಾಡಿ," ಎಂದಳು ಕಾಕು ಮರಾಠಿಯಲ್ಲೇ. "ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಆ ಎಂಜಿನ್ ಕಂಡರೆ ನನಗೆ ಆಗುವುದಿಲ್ಲ. ಗಾಡಿ ನನ್ನದು, ಎಂಜಿನ್ ನನ್ನ ವೈರಿ."

ಮೆರವಣಿಗೆ ಹೊರಟಾಗ ಡುಕ್ಕರ್ ಶುರುವಾಗಲಿಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಕಾಕು, ಎಳೆಯುವ ಜೀಪಿನ ಬೆನ್ನನ್ನೇ ನೋಡುತ್ತ, "ಒಂದಽ ಸಲ ಖಂಬಾಟಕಿ ನಿಲ್ಲದ ಹತ್ತಬೇಕು ನೋಡು, ಈ ಗಾಡಿಯೊಳಗ," ಎಂದಳು.

"ನನ್ನ ಕಾರಿನಾಗ ಹೋಗೂಣ ಕಾಕು. ಎಸಿ ಅದ. ಹತ್ತು ನಿಮಿಷಕ್ಕ ಹತ್ತತದ."

"ಅದರಾಗೇನದ? ಹಂಗ ಎಲ್ಲಾರೂ ಹತ್ತತಾರ."

ಮರುದಿನ ರಫೀಕಭಾಯಿಯ ಬಳಿ ಹೋದೆ. ವಿಜಯಪುರದ ಕಡೆಯವನು, ಕ್ಯಾಂಪಿನಲ್ಲಿ ಮೂವತ್ತು ವರ್ಷದಿಂದ ಹಳೇ ಗಾಡಿಗಳ ಮಿಸ್ತ್ರಿ. ಹಳೇ ಎಂಜಿನ್ನನ್ನೇ ಪೂರ್ತಿ ಬಿಚ್ಚಿ ಕಟ್ಟಿದರೆ ಘಾಟು ಹತ್ತುತ್ತದೆಯೇ ಎಂದು ಕೇಳಿದೆ. ಆತ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಹತ್ತತದ್ರಿ ಸಾಹೇಬ್ರ. ಯಾರು ಇಲ್ಲ ಅಂತಾರ? ನಿಂತು ನಿಂತು ಹತ್ತತದ. ಬ್ಲಾಕಿಗೆ ಎರಡು ಕಡೆ ಸೀಳು ಬಂದದ, ನಾನಽ ಬೆಸಗಿ ಹಾಕೀನಿ. ಮೆರವಣಿಗಿಗೆ ಸಾಕು. ಅಜ್ಜೀಗೆ ಮಾತು ಕೊಡಬ್ಯಾಡ್ರಿ ಮತ್ತ."

"ಬ್ಯಾರೆ ಎಂಜಿನ್ ಹಾಕಿದ್ರ?"

ಆತ ನನ್ನನ್ನೇ ನೋಡಿದ. "ನೀವು ಹೇಳಾಕತ್ತೀರೇನು ಇದನ್ನ? ಹೋದ ವರ್ಷ ಒಂದು ಬೋಲ್ಟು ಹೊಸಾದು ಹಾಕಿದ್ದಕ್ಕ ನನ್ನ ಜೋಡಿ ಎಂಟು ದಿನ ಮಾತು ಬಿಟ್ಟಿದ್ರಿ."

ಹಾಕಿದೆವು. ಎಲ್ಲೋ ಗುದ್ದಿ ದೀಪ, ಬಾಗಿಲು ಒಡೆದುಕೊಂಡು ಗುಜರಿಗೆ ಬಂದ ಒಂದು ಶಾಲಾ ವ್ಯಾನು ಸಿಕ್ಕಿತು. ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಹಂದಿಯ ಒಡಲಿಗೆ ಶಾಲಾ ವ್ಯಾನಿನ ಹೃದಯ! ನಾನು ನಾಲ್ಕು ತಿಂಗಳು ನಿದ್ದೆ ಮಾಡಲಿಲ್ಲ. ಎಂಜಿನ್ ಜೋರಾದರೆ ಹಳೇ ಬ್ರೇಕು ತಡೆಯುವುದೇ? ಬ್ರೇಕು ಬದಲಿಸಿದೆವು. ಹೊಸ ರೇಡಿಯೇಟರು ಮೂತಿಯೊಳಗೆ ಹಿಡಿಸುವುದೇ? ಅರ್ಧ ಇಂಚು ಉಳಿದು ಹಿಡಿಸಿತು. ಸಾರಿಗೆ ಕಚೇರಿಯಲ್ಲಿ ಎಂಜಿನ್ ಬದಲಾವಣೆಗೆ ಒಪ್ಪಿಗೆ ಸಿಗದಿದ್ದರೆ? ಸಿಕ್ಕಿತು, ಸಿಕ್ಕ ಮೇಲೆ ಆ ಕಾಗದ ಕಳೆದರೆ ಎಂದು ಅದರ ಆರು ಪ್ರತಿ ತೆಗೆಸಿದೆ. ಒಡಲನ್ನು ಒಂದು ಕಡೆಯೂ ಕತ್ತರಿಸದೆ, ಬರೀ ಬೋಲ್ಟಿನಲ್ಲೇ ಕೂರಿಸಲು ಹೇಳಿದ್ದೆ. ಹಳೇ ಎಂಜಿನ್ನನ್ನು ಎಣ್ಣೆ ಸವರಿ, ಟಾರ್ಪಾಲಿನ್ ಸುತ್ತಿ ಬಾಲ್ಕನಿಯಲ್ಲಿಟ್ಟೆ.

"ಅದನ್ನ ಇಟ್ಕೊಂಡು ಏನ್ ಮಾಡ್ತಿ? ಉಪ್ಪಿನಕಾಯಿ ಹಾಕ್ತೀಯೇನು?" ಎಂದಳು ಕಾಕು.

"ಇರಲಿ ಕಾಕು, ಯಾರಿಗರೇ ನೋಡ್ಲಿಕ್ಕೆ."

"ಇರಲಿ. ನನ್ನ ಕ್ವಾಣಿ ಬಾಗಲದ ಕಡೆ ಮಾತ್ರ ಮಾರಿ ಮಾಡಿ ಇಡಬ್ಯಾಡ."

ಅರ್ಜಿ ಕಳಿಸಿದ ನಾಲ್ಕನೆಯ ದಿನ ಕರ್ನಲ್ ಸಾಹೇಬರ ಫೋನು ಬಂತು. ಏಳನೆಯ ಸಾಲಿನಲ್ಲಿ ಕೈತಪ್ಪಿ ಗುರುತು ಬಿದ್ದಿರಬೇಕು ಎಂದು ಮೃದುವಾಗಿ ಶುರುಮಾಡಿದರು. ಕೈತಪ್ಪಿಲ್ಲ ಎಂದೆ. "ಇದು ಕೊಲೆ," ಎಂದರು. "ನಿಮ್ಮಂಥವರೇ ಹೀಗೆ ಮಾಡಿದರೆ ನಾಳೆ ಆ ಎಂಜಿನ್ ಹೇಗೆ ಮಿಡಿಯುತ್ತಿತ್ತು ಎಂದು ಯಾರಿಗೆ ಗೊತ್ತಾಗುತ್ತದೆ?"

ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಹಳೇ ಎಂಜಿನ್ನಿಗೆ ಒಂದು ದನಿ ಇತ್ತು, ತಾಂಬೂಲ ಹಾಕಿಕೊಂಡು ಮಾತಾಡುವ ಹಿರಿಯರ ದನಿ. ಈಗಿನದು ಮಾತಾಡುವುದಿಲ್ಲ, ಕೆಲಸ ಮಾಡುತ್ತದೆ. ಆ ದನಿ ನನಗೂ ಬೇಕು. ಕರ್ನಲ್ ಸಾಹೇಬರು ತಮ್ಮ ಗಾಡಿಯಲ್ಲಿ ಅದನ್ನು ಉಳಿಸಲಿ, ನೂರು ವರ್ಷ ಉಳಿಸಲಿ, ನಾನೂ ಹೋಗಿ ಕೈಕಟ್ಟಿ ಕೇಳುತ್ತೇನೆ. ಆದರೆ ಮೂಲ ಎಂದರೆ ಯಾವುದು ಎಂದು ನನಗೆ ಯಾರಾದರೂ ತಿಳಿಸಬೇಕು. ಕಾರ್ಖಾನೆಯ ಬಾಗಿಲಿನಿಂದ ಹೊರಬಂದ ದಿನದ ಗಾಡಿ ಮಾತ್ರ ಮೂಲವಾದರೆ, ಮಾರನೆಯ ದಿನದಿಂದ ನಡೆದ ಬದುಕೆಲ್ಲ ಕಲಬೆರಕೆಯೇ? ಸೀರೆಯ ಅಂಚಿನಲ್ಲಿ ಓಡಿದ ಗಾಡಿ, ಸಾವಿರ ಹಸಿದ ಹುಡುಗರಿಗೆ ರೊಟ್ಟಿ ಮುಟ್ಟಿಸಿದ ಗಾಡಿ, ಯಾರದೋ ನಕ್ಷೆಯಲ್ಲಿ ಇರಲಿಲ್ಲವೆಂದು ಅನರ್ಹವೇ? ಕಾಕುವಿನ ಹಲಗೆ ಕಿತ್ತು ಎಸೆದೆನಲ್ಲ, ಕೊಲೆ ಎಂದರೆ ಅದು. ಅವತ್ತು ಸಂಘ ನನಗೆ ಬಹುಮಾನ ಕೊಟ್ಟಿತು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ ಎಂದುಕೊಳ್ಳಬೇಡಿ. ಇದು ನನಗೆ ಹೊಳೆದದ್ದು ಆಮೇಲೆ, ಸ್ನಾನ ಮಾಡುವಾಗ. ಫೋನಿನಲ್ಲಿ ನಾನು "ಹೌದು ಸರ್" ಎಂದೆ. ಆದರೆ ಕೇಳಿ: ಪ್ರತಿ ಸಲ ಆ ಎರಡು ಶಬ್ದಗಳ ಹಿಂದೆ ತಾನಾಗಿ ಬಂದುಬಿಡುವ 'ಸಾರಿ ಸರ್' ಈ ಸಲ ಬರಲಿಲ್ಲ. ನಾನು ತಡೆದೆ. ಮೆರವಣಿಗೆಗೆ ಗಾಡಿಯನ್ನು ಸೇರಿಸಲಾಗದು ಎಂದರು. "ಸೇರಿಸಬೇಡಿ ಸರ್, ನಮಗೆ ಅವತ್ತು ಬೇರೆ ಕಡೆ ಹೋಗುವುದಿದೆ," ಎಂದೆ. ಫೋನು ಇಟ್ಟ ಮೇಲೆ ಎರಡು ಲೋಟ ನೀರು ಕುಡಿದೆ.

ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದ ಕಾಕು ತನ್ನ ಮೊಣಕಾಲು ಕುಟ್ಟಿ ತೋರಿಸಿದಳು. ಎರಡೂ ಆಪರೇಷನ್ ಆದವು, ಒಳಗೆ ಲೋಹ. "ಇವೂ ನಮ್ಮವ್ವ ಕೊಟ್ಟವು ಅಲ್ಲ ಅಂತ ಹೇಳು ಅವಗ. ನಾನೂ ಮೆರವಣಿಗಿಗೆ ನಡಿಯೂದಿಲ್ಲ."

ಮೊನ್ನೆ ಭಾನುವಾರ, ಮೆರವಣಿಗೆಯ ದಿನವೇ ಬೆಳಿಗ್ಗೆ ಹೊರಟೆವು. ಹೆಂಡತಿ ಬರಲಿಲ್ಲ, ಒಂದು ಗಾಡಿಯಲ್ಲಿ ರಾಮ ರಾಮ ಅನ್ನಲು ಒಬ್ಬರು ಸಾಕು ಎಂದಳು. ಕಾತ್ರಜದ ಸುರಂಗ ದಾಟಿತು, ಶಿರವಳ ದಾಟಿತು. ಏರು ಶುರುವಾಯಿತು. ಮುಂದೆ ಲಾರಿಗಳ ಸಾಲು, ನಾನು ರಸ್ತೆಗಿಂತ ಹೆಚ್ಚಾಗಿ ಶಾಖದ ಮುಳ್ಳನ್ನೇ ನೋಡುತ್ತಿದ್ದೆ.

"ಮುಳ್ಳು ಏನ್ ನೋಡ್ತಿ? ರಸ್ತಾ ನೋಡು. ಸೆಕಂಡಿಗೆ ಬಾ."

ಬಂದೆ. ಮೊದಲ ತಿರುವು, ಎರಡನೆಯದು. ಆಮೇಲೆ ಆ ಜಾಗ. ಗುಡಿಸಲು ಈಗಿಲ್ಲ, ತಡೆಗೋಡೆ ಕಟ್ಟಿದ್ದಾರೆ. ಆದರೂ ಇಬ್ಬರಿಗೂ ಗುರುತು ಸಿಕ್ಕಿತು. ನನ್ನ ಕಾಲು ನನ್ನನ್ನು ಕೇಳದೆ ಬ್ರೇಕಿನ ಮೇಲೆ ಹೋಗಿ ಕೂತಿತು.

"ಕಾಲು ತಗಿ," ಎಂದಳು ಕಾಕು.

ತೆಗೆದೆ. ಡುಕ್ಕರ್ ಒಂದು ಸಲ ಮೂತಿ ಎತ್ತಿ, ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಿ ಏರಿತು. ಕಾಕು ಬಾಗಿಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಆ ತಿರುವಿನ ಕಡೆ ಹೊರಳಿ ನೋಡಲಿಲ್ಲ. ತುಟಿ ಅಲುಗುತ್ತಿದ್ದವು, ರಾಮ ರಾಮ ಎನ್ನುತ್ತಿದ್ದಳೋ, ಧಾರವಾಡದಲ್ಲಿ ಕಾದಿದ್ದವನಿಗೆ ಏನಾದರೂ ಹೇಳುತ್ತಿದ್ದಳೋ, ನಾನು ಕೇಳಲಿಲ್ಲ. ತುದಿ ಬಂತು. ಗಾಳಿ ಒಮ್ಮೆಲೇ ತಣ್ಣಗಾಯಿತು.

"ಈಗ ನಿಲ್ಲಸು."

ಬದಿಗೆ ತಂದು ನಿಲ್ಲಿಸಿದೆ. "ಏನಾತು ಕಾಕು? ವಾಸನಿ ಬಂತೇನು? ಹೊಗಿ ಕಂಡ್ತೇನು?"

ಕಾಕು ಬಾಗಿಲು ತೆಗೆದು, ಲೋಹದ ಮೊಣಕಾಲುಗಳನ್ನು ಒಂದೊಂದಾಗಿ ಇಳಿಸಿ, ಜಲ್ಲಿಯ ಮೇಲೆ ನಿಂತಳು. ಸೆರಗು ಗಾಳಿಗೆ ಹಾರಿತು, ಎಳೆದು ಹೊದ್ದಳು. ಡುಕ್ಕರಿನ ಮೂತಿಯ ಮೇಲೆ ಕೈಯಿಟ್ಟುಕೊಂಡು, ಧಾರವಾಡದ ದಿಕ್ಕಿಗೆ ಇಳಿದುಹೋಗುವ ರಸ್ತೆಯನ್ನು ನೋಡುತ್ತ ನಿಂತಳು. ನಾನು ಓಡಿ ಬಾನೆಟ್ಟಿನ ಹತ್ತಿರ ಹೋದೆ.

ಹಿಂದೆ ಬಂದ ಟೆಂಪೋ ಒಂದು ವೇಗ ತಗ್ಗಿಸಿತು. ಹಳೇ ಗಾಡಿ ದಾರಿಬದಿಗೆ ನಿಂತರೆ ಈ ದಾರಿಯಲ್ಲಿ ಕೇಳದೆ ಹೋಗುವವರಿಲ್ಲ. ಚಾಲಕ ಕತ್ತು ಹೊರಹಾಕಿ ಕೂಗಿದ: "ಕಾಯ ಝಾಲಂ ಆಜಿ? ಗಾಡಿ ಗರಮ್ ಝಾಲೀ ಕಾ?" ಏನಾಯ್ತಜ್ಜಿ, ಗಾಡಿ ಕಾದಿತೇನು?

"ನಾಹೀ ರೇ ಬಾಳಾ," ಎಂದಳು ಕಾಕು. "ಆಮ್ಹೀಚ್ ಥಾಂಬಲೋಯ್." ಇಲ್ಲೋ ಮಗನೇ, ನಾವಾಗೇ ನಿಂತಿದ್ದೇವೆ.

ನನ್ನ ಕೈ ಬಾನೆಟ್ಟಿನ ಚಿಲಕದ ಮೇಲಿತ್ತು. ತೆಗೆದು ಜೇಬಿನಲ್ಲಿಟ್ಟುಕೊಂಡೆ.